ಕೀಮನ್ ಗೌಸ್ ಸಾಬರ ಬೆತ್ತದ ಬಳೆ

ಬೆಳಿಗ್ಗೆ ಎಂಟು ದಾಟಿ ಐದು ನಿಮಿಷವಾಗಿತ್ತು. ಮಹಮ್ಮದ್ ಗೌಸ್ ಸಾಬರು ಮೊಣಕಾಲು ನೀವಿಕೊಳ್ಳುತ್ತಾ ಹಳೇ ರೈಲು ಲೈನಿನ ಬಾಯಿಗೆ ಬಂದರೆ ಬೆತ್ತದ ಬಳೆ ತೂಗುವ ಗೂಟ ಖಾಲಿ. ಗೂಟದ ಪಕ್ಕ ಸೈಕಲ್ ಹಿಡಿದು ನಿಂತಿದ್ದ ಐಶ್ವರ್ಯಳ ಮುಖದಲ್ಲಿ ರಕ್ತವೇ ಇರಲಿಲ್ಲ.

“ತಾತಾ, ಟೋಕನ್ ಇಲ್ಲ. ಹತ್ತು ನಿಮಿಷದಿಂದ ಕಾಯಾಕತ್ತೀನಿ. ಎಂಟೂ ಮುಕ್ಕಾಲಿಗೆ ನನ್ ಬಸ್ಸು.”

ಐಶ್ವರ್ಯ ನರ್ಸಿಂಗ್ ಓದುವ ಹುಡುಗಿ. ಅಂದು ಹತ್ತೂವರೆಗೆ ಬಳ್ಳಾರಿಯಲ್ಲಿ ಅವಳ ಕೊನೆಯ ಪ್ರಾಕ್ಟಿಕಲ್ ಪರೀಕ್ಷೆ. ತಡವಾದರೆ ಒಳಗೆ ಬಿಡುವುದಿಲ್ಲ, ಮತ್ತೆ ಆರು ತಿಂಗಳು ಕಾಯಬೇಕು. ಅವರಿರುವ ಕ್ವಾರಿ ಕ್ಯಾಂಪಿನಿಂದ ಬಸ್ಸು ನಿಲ್ಲುವ ಕುರುಗೋಡು ರಸ್ತೆಗೆ ಹಳೇ ಲೈನಿನ ಮೇಲೆ ನಾಲ್ಕು ಕಿಲೋಮೀಟರು. ಗುಡ್ಡ ಸುತ್ತಿ ಹೋಗುವ ಡಾಂಬರು ರಸ್ತೆಯಲ್ಲಾದರೆ ಹದಿಮೂರು. ಕ್ಯಾಂಪಿನಲ್ಲಿದ್ದ ಎರಡು ಬೈಕುಗಳೂ ನಸುಕಿನಲ್ಲೇ ಕೆಲಸಕ್ಕೆ ಹೋಗಿದ್ದವು.

ಅವಳ ಹಿಂದೆ ಕೊಟ್ಟೂರಪ್ಪ ನಿಂತಿದ್ದ. ಕುರುಗೋಡಿನ ಹಾರ್ಡ್‌ವೇರ್ ಅಂಗಡಿಯಲ್ಲಿ ಕೆಲಸ ಮಾಡುವ ಈ ಮನುಷ್ಯನಿಗೆ ಗೌಸ್ ಸಾಬರ ಕಾಲೆಳೆಯದಿದ್ದರೆ ಚಹಾ ಒಳಗಿಳಿಯುವುದಿಲ್ಲ. “ಖಾತೂನ್ ಬೀ ಮತ್ತ ಸಿಂಬಿ ಮಾಡ್ಕೊಂಡು ಹೋಗ್ಯಾಳ ಬಿಡ್ರಿ ಗೌಸಣ್ಣ. ಲೈನ್ ಖಾಲಿ ಐತಿ. ಹುಡುಗೀನ ಬಿಡ್ರಿ” ಎಂದ.

ಈ ಬಳೆಯ ಕಥೆಯನ್ನು ಇಲ್ಲೇ ಹೇಳಿಬಿಡಬೇಕು, ಇಲ್ಲದಿದ್ದರೆ ಗೌಸ್ ಸಾಬರು ಹುಚ್ಚರೆಂದು ನೀವೂ ತಿಳಿದೀರಿ. ರಾರಾವಿಯ ಗದ್ದೆ ಕೆಲಸ ಬಿಟ್ಟು ಅವರು ಇಲ್ಲಿಗೆ ಬಂದದ್ದು ಇಪ್ಪತ್ತರ ಹರೆಯದಲ್ಲಿ. ಆಗ ಗುಡ್ಡದ ಕ್ವಾರಿಯಿಂದ ಜಲ್ಲಿ ಹೊತ್ತ ಗಾಡಿಗಳು ಈ ಲೈನಿನಲ್ಲಿ ಓಡುತ್ತಿದ್ದವು. ಸಾಬರು ಕೀಮನ್. ಸುತ್ತಿಗೆ ಹೆಗಲಿಗೇರಿಸಿ ದಿನಾ ಬೆಳಿಗ್ಗೆ ಹಳಿಯುದ್ದಕ್ಕೂ ನಡೆಯುವುದು, ಸಡಿಲಾದದ್ದನ್ನು ಬಡಿದು ಬಿಗಿ ಮಾಡುವುದು, ಇಷ್ಟೇ ಕೆಲಸ. ಕ್ವಾರಿ ನಿಂತಿತು. ಹಳಿ ಕಿತ್ತರು, ಸ್ಲೀಪರ್ ಹೊತ್ತೊಯ್ದರು. ಉಳಿದದ್ದು ಜಲ್ಲಿಯ ದಿಬ್ಬ, ಬಂಡೆ ಸೀಳಿ ಮಾಡಿದ ಇಕ್ಕಟ್ಟಿನ ಕಟಿಂಗು, ಆಳವಾದ ಕೊರಕಲಿನ ಮೇಲೊಂದು ಕಬ್ಬಿಣದ ಸೇತುವೆ. ಕೀಮನ್ ಮಾತ್ರ ನಡೆಯುವುದನ್ನು ಬಿಡಲಿಲ್ಲ. ಹಳಿಯೇ ಇಲ್ಲದ ಲೈನಿನಲ್ಲಿ ಸುತ್ತಿಗೆ ಹೊತ್ತು ನಡೆಯುವ ಮನುಷ್ಯನನ್ನು ನೋಡಿ ಊರು ನಕ್ಕಿತು.

ಆಮೇಲೆ ಕ್ಯಾಂಪಿನವರು ಸೇತುವೆಗೆ ಹಲಗೆ ಹಾಸಿ ಸೈಕಲ್ ದಾರಿ ಮಾಡಿಕೊಂಡರು. ಅಗಲ ಎರಡೇ ಹಲಗೆ, ಕಟಾಂಜನವಿಲ್ಲ, ಕೆಳಗೆ ಎಪ್ಪತ್ತು ಅಡಿ ಬಂಡೆ. ಆಚೆ ಕಡೆಯ ಕಟಿಂಗು ಇಳಿಜಾರಿನಲ್ಲಿ ತಿರುಗಿ ನೇರ ಸೇತುವೆಗೇ ಬಂದು ಬೀಳುತ್ತದೆ. ಇಳಿದು ಬರುವವನಿಗೆ ಎದುರಿನವನು ಕಾಣುವುದಿಲ್ಲ, ಕಂಡಾಗ ಬ್ರೇಕು ಹಿಡಿಯುವುದಿಲ್ಲ. ಮೊದಲ ವರ್ಷವೇ ಹಾಲಿನ ತಿಪ್ಪೇರುದ್ರಪ್ಪ ಎದುರಿಗೆ ಬಂದ ಸೈಕಲ್ಲಿಗೆ ಗುದ್ದಿ, ಹಾಲಿನ ಕ್ಯಾನಿನ ಸಮೇತ ಕೆಳಗೆ ಬಿದ್ದ. ಜಾಲಿ ಮರದ ಮೇಲೆ ಬಿದ್ದದ್ದರಿಂದ ಜೀವ ಉಳಿಯಿತು, ಕಾಲು ಉಳಿಯಲಿಲ್ಲ.

ಅಂದೇ ಗೌಸ್ ಸಾಬರು ಬೆತ್ತ ಬಗ್ಗಿಸಿ ಬಳೆ ಕಟ್ಟಿದರು. ಒಂಟಿ ಲೈನಿನಲ್ಲಿ ಟೋಕನ್ ಕೈಗೆ ಬರದೆ ಯಾವ ಡ್ರೈವರನೂ ಗಾಡಿ ಬಿಡುತ್ತಿರಲಿಲ್ಲ, ಅದೇ ಪಾಠ. ಮುಕ್ಕಾಲು ಕಿಲೋಮೀಟರಿನ ಆ ತುಂಡಿಗೆ ಎರಡು ತುದಿಯಲ್ಲೂ ಒಂದೊಂದು ಗೂಟ ನೆಟ್ಟರು. ಬಳೆ ಯಾವ ಗೂಟದಲ್ಲಿರುತ್ತದೋ ಆ ಕಡೆಯವರಿಗೆ ಮಾತ್ರ ದಾರಿ. ಬೆಳಿಗ್ಗೆ ಒಂಬತ್ತರವರೆಗೆ ಕ್ಯಾಂಪಿನ ಗೂಟದಲ್ಲಿ. ಆಮೇಲೆ ಕೊನೆಗೆ ಹೋಗುವವನು ಹೆಗಲಿಗೆ ಹಾಕಿಕೊಂಡು ಹೋಗಿ ಆಚೆಯ ಗೂಟಕ್ಕೆ ತೂಗುಹಾಕಬೇಕು, ಸಂಜೆ ಕೊನೆಗೆ ಬರುವವನು ವಾಪಸು ತರಬೇಕು. ಬಳೆ ಬಂದ ಮೇಲೆ ಅಲ್ಲಿ ಯಾರೂ ಬಿದ್ದಿಲ್ಲ. ಊರು ಈಗಲೂ ನಗುತ್ತಿತ್ತು, ಆದರೆ ಗೂಟ ನೋಡದೆ ಯಾರೂ ಮುಂದೆ ಹೆಜ್ಜೆ ಇಡುತ್ತಿರಲಿಲ್ಲ.

ಹೋದ ವರ್ಷ ಬದನೆಕಾಯಿ ಮಾರುವ ಖಾತೂನ್ ಬೀ ಸಿಂಬಿ ಮರೆತು ಬಂದು, ಆ ಬಳೆಯನ್ನೇ ತಲೆಗಿಟ್ಟು, ಅದರ ಮೇಲೆ ಬುಟ್ಟಿ ಹೊತ್ತು ಕುರುಗೋಡು ಸಂತೆಯವರೆಗೆ ಹೋಗಿಬಿಟ್ಟಿದ್ದರು. ಅರ್ಧ ದಿನ ಎರಡೂ ಕಡೆ ಜನ ಕಾಯ್ದರು. ಗೌಸ್ ಸಾಬರು ಕೊಟ್ಟ ಶಿಕ್ಷೆ: ಒಂದು ತಿಂಗಳು ಲೈನಿಗೆ ಕಾಲಿಡಬಾರದು, ಡಾಂಬರು ರಸ್ತೆಯಲ್ಲೇ ಓಡಾಡಬೇಕು. ಐವತ್ತೈದರ ಹೆಂಗಸು, ತಲೆ ಮೇಲೆ ಬುಟ್ಟಿ. ಸಾಬರು ಒಂದು ದಿನವೂ ಬಿಟ್ಟುಕೊಡಲಿಲ್ಲ, ಆಕೆಯೂ ಒಂದು ದಿನವೂ ಕೇಳಿಕೊಳ್ಳಲಿಲ್ಲ.

“ಗೂಟ ಖಾಲಿ ಐತಿ ಅಂದ್ರ ಟೋಕನ್ ಆಕಡಿ ಐತಿ. ಆಕಡಿಂದ ಯಾರರ ಇಳಿದು ಬರಾಕತ್ತಿರಬೌದು” ಎಂದರು ಸಾಬರು.

“ಅಥವಾ ಖಾತೂನ್ ಬೀ ತಲಿ ಮ್ಯಾಲೆ ಇರಬೌದು.”

“ಇರಬೌದು ಅನ್ನೋದರ ಮ್ಯಾಲೆ ಹುಡುಗೀನ ಬಿಡಾಕ ಆಗತೈತೇನಲೇ?”

“ತಾತಾ, ನಿಮ್ ಹಿಂದ ನಾನೂ ಬರ್ತೀನಿ” ಎಂದಳು ಐಶ್ವರ್ಯ. ದನಿ ಒಡೆದಿತ್ತು.

ಸಾಬರು ಬೇಡವೆಂದು ತಲೆ ಆಡಿಸಿದರು. ಸೇತುವೆಯ ಪಕ್ಕದಲ್ಲಿ ಹಿಂದೆ ಕೀಮನ್‌ಗಳು ಗಾಡಿಗೆ ದಾರಿಬಿಟ್ಟು ನಿಲ್ಲಲೆಂದು ಮಾಡಿದ ಕಬ್ಬಿಣದ ಗೂಡಿದೆ. ಎದುರಿಗೆ ಸೈಕಲ್ ಬಂದರೆ ಅದರಲ್ಲಿ ನಿಲ್ಲಲು ಜಾಗ ಒಬ್ಬರಿಗೇ. “ನಾ ನಡಕೊಂತ ಹೋಗಿ ನೋಡ್ತೀನವ್ವ. ಆಕಡಿ ಗೂಟದ ಹತ್ರ ನಿಂತು ಮೂರು ಸೀಟಿ ಊದ್ತೀನಿ. ಮೂರು ಕೇಳಿದ ಮ್ಯಾಲ ಸೈಕಲ್ ಹತ್ತು. ಎರಡು ಕೇಳಿದ್ರ ಹತ್ತಬ್ಯಾಡ.” ಕೊಟ್ಟೂರಪ್ಪನ ಕಡೆ ತಿರುಗಿ, “ನೀ ಹೆಜ್ಜಿ ಇಟ್ಟೀ ಅಂದ್ರ ಕಾಲು ಮುರೀತೀನಿ” ಎಂದರು. ಸುತ್ತಿಗೆ ಹಿಡಿದಾಗ ಬಲಗೈ ಹೆಬ್ಬೆರಳಿನಲ್ಲಿ ಸಿಬಿರೊಂದು ಚುರುಗುಟ್ಟಿತು. ಅದನ್ನು ನೋಡಲು ಅವರಿಗೆ ಪುರುಸೊತ್ತಿರಲಿಲ್ಲ.

ಎಂಟು ಗಂಟೆಗೇ ಬಂಡೆ ಕಾಯತೊಡಗಿತ್ತು. ಮೊಣಕಾಲು ನೋಯುತ್ತಿದ್ದುದರಿಂದಲೇ ಅಂದು ಅವರು ನಸುಕಿನ ನಡಿಗೆ ತಪ್ಪಿಸಿದ್ದು. ಈಗ ಆ ಕಾಲನ್ನು ಎಳೆದುಕೊಂಡೇ ಬೀಸಾಗಿ ಹೋಗಬೇಕಾಯಿತು. ಒಂದೇ ದಿನ ತಪ್ಪಿಸಿದ್ದು, ಅದೇ ದಿನ ಹೀಗಾಗಬೇಕೇ ಎಂದು ತಮ್ಮನ್ನೇ ಬೈದುಕೊಂಡರು. ಕರಡಿ ಕೆದರಿದ ಹುತ್ತದ ಮಣ್ಣು ದಾರಿಯ ಮೇಲೆ ಹಸಿಯಾಗಿಯೇ ಬಿದ್ದಿತ್ತು. ಕರಡಿ ಹತ್ತಿರವಿದ್ದರೆ ಸರಿಯಲೆಂದು ಒಮ್ಮೆ ಜೋರಾಗಿ ಕೆಮ್ಮಿ ದಾಟಿದರು.

ಸೇತುವೆಗೆ ಬಂದಾಗ ಎಂಟೂ ಹದಿನಾಲ್ಕು. ಹಲಗೆ ಹಲಗೆಗೂ ಸುತ್ತಿಗೆ ಕುಟ್ಟುತ್ತಾ, ಎಡಬಲಕ್ಕೆ ಬಗ್ಗಿ ಕೆಳಗೆ ನೋಡುತ್ತಾ ನಡೆದರು. ನಡುಮಧ್ಯದಲ್ಲಿ, ಕೆಳಗಿನ ಬಂಡೆಗಳ ಸಂದಿಯಲ್ಲಿ, ಬಿಳಿ ಬಟ್ಟೆಯಂಥದ್ದೇನೋ ಕಂಡಿತು. “ಯಾರದು? ಯಾರಪ್ಪಾ ಅದು?” ಎಂದು ಕೂಗಿದರು. ಗುಡ್ಡ ಅದನ್ನೇ ವಾಪಸು ಕೂಗಿತು. ಗಾಳಿ ಬೀಸಿ ಬಟ್ಟೆ ಮಗುಚಿದಾಗ ಅದರ ಮೇಲೆ ಗೊಬ್ಬರದ ಕಂಪನಿಯ ಹಸಿರು ಅಕ್ಷರ ಕಂಡಿತು. ಖಾಲಿ ಚೀಲ. ಸಾಬರು ಗೂಡಿನ ಕಂಬಿ ಹಿಡಿದು ಉಸಿರು ಬಿಟ್ಟರು.

ಮುಂದಿನ ಹಲಗೆಯ ಸದ್ದು ಬೇರೆ ಬಂತು, ಒಡೆದ ಮಡಕೆ ಬಡಿದ ಹಾಗೆ. ಬೋಲ್ಟು ಮೇಲೆದ್ದಿತ್ತು. ಬಡಿದು ಕೂರಿಸಲು ಎರಡು ನಿಮಿಷವಾದರೂ ಬೇಕು, ಹುಡುಗಿಯ ಹತ್ತಿರ ಆ ಎರಡು ನಿಮಿಷವಿಲ್ಲ. ದಾಟಿಹೋಗೋಣವೆಂದು ಒಂದು ಕಾಲು ಮುಂದಿಟ್ಟರು. ಬಿಗಿ ಮಾಡುವ ಕೈ ಅದನ್ನು ಸಹಿಸಲಿಲ್ಲ. ಕುಕ್ಕರಿಸಿ ಬಡಿದರು. ಬೆವರು ಕಣ್ಣಿಗಿಳಿಯಿತು, ಹೆಬ್ಬೆರಳು ಉರಿಯಿತು. ಒಂಬತ್ತನೇ ಏಟಿಗೆ ಬೋಲ್ಟು ಕೂತಿತು.

ಕಟಿಂಗಿನ ಏರು ಹತ್ತಿ ಆಚೆಯ ಗೂಟ ಮುಟ್ಟಿದಾಗ ಎಂಟೂ ಇಪ್ಪತ್ತೇಳು. ಆ ಗೂಟವೂ ಖಾಲಿ.

ಇಲ್ಲೂ ಇಲ್ಲ, ಅಲ್ಲೂ ಇಲ್ಲ. ಹಾಗಾದರೆ ಕೊಟ್ಟೂರಪ್ಪ ಹೇಳಿದ್ದೇ ನಿಜ, ಆ ಹೆಂಗಸಿಗೆ ಬುದ್ಧಿ ಬರಲಿಲ್ಲ ಎಂದು ಹಲ್ಲು ಕಡಿದರು. ಸೀಟಿಗೆಂದು ಜೇಬಿಗೆ ಕೈ ಹಾಕಿದರೆ ಹೆಬ್ಬೆರಳು ಬಟ್ಟೆಗೆ ಸಿಕ್ಕಿ ಜೀವ ಹೋದಂತಾಯಿತು. ಬೆರಳೆತ್ತಿ ಸಿಬಿರು ನೋಡಿದರು. ಹಳದಿ, ತೆಳ್ಳಗೆ, ಬೆತ್ತದ ಸಿಬಿರು.

ನಿನ್ನೆ ಸಂಜೆ ಬಳೆಯ ಒಂದು ಕಡೆ ಬೆತ್ತ ಸೀಳಿದ್ದು ಕಂಡು, ಹಳೇ ಟ್ಯೂಬಿನ ಪಟ್ಟಿ ಸುತ್ತಲು ಮನೆಗೊಯ್ದವರು ಅವರೇ. ಅರ್ಧ ಸುತ್ತಿದ್ದರು. ಅಜಾನ್ ಕೇಳಿತು. ಬಾಗಿಲ ಹಿಂದಿನ ಮೊಳೆಗೆ ತೂಗುಹಾಕಿ ನಮಾಜಿಗೆ ಎದ್ದಿದ್ದರು. ಅದು ಈಗಲೂ ಅಲ್ಲೇ ಇದೆ.

ಸಾಬರು ಗೂಟ ಹಿಡಿದುಕೊಂಡರು. ನಾಚಿಕೆಯಾಯಿತು. ನಾಚಿಕೆಗಿಂತ ಹೆಚ್ಚು ಹೆದರಿಕೆಯಾಯಿತು. ಟೋಕನ್ ಶುರು ಮಾಡಿದವನೇ ಮರೆತನೆಂದು ತಿಳಿದರೆ ನಾಳೆಯಿಂದ ಖಾಲಿ ಗೂಟಕ್ಕೆ ಯಾರು ಹೆದರುತ್ತಾರೆ? ‘ಮುದುಕ ಮನೆಗೊಯ್ದಿರಬೇಕು, ನಡೀರಿ’ ಎಂದು ಒಬ್ಬ ನುಗ್ಗಿದರೆ ಸಾಕು, ಇನ್ನೊಬ್ಬ ತಿಪ್ಪೇರುದ್ರಪ್ಪ. ಸುಮ್ಮನಿದ್ದರೆ ಯಾರಿಗೂ ತಿಳಿಯುವುದಿಲ್ಲ. ಖಾತೂನ್ ಬೀ ಹೆಸರು ಆಗಲೇ ಎಲ್ಲರ ಬಾಯಲ್ಲಿದೆ.

ಮೊದಲು ಹುಡುಗಿ. ಟೋಕನ್ ಕೆಟ್ಟ ದಿನ ಅದರ ಬದಲು ಮನುಷ್ಯನೇ ನಿಂತು ದಾರಿ ಕಾಯುವ ಪದ್ಧತಿ ಹಿಂದೆಯೂ ಇತ್ತು. ಲೈನ್ ಅವರೇ ನಡೆದು ನೋಡಿದ್ದಾರೆ. ಈ ಬಾಯಿಯನ್ನು ಅವರು ಕಾಯ್ದರೆ ಸಾಕು. ಮೂರು ಸೀಟಿ ಊದಿದರು.

ಕೊನೆಯ ಸೀಟಿಯ ಸದ್ದು ಇನ್ನೂ ಅಡಗಿರಲಿಲ್ಲ. ಹಿಂದೆ ಜಲ್ಲಿ ಕರಕರ ಎಂದಿತು. ಎರಡನೇ ಶನಿವಾರದ ರಜೆಯೆಂದು ಬಳ್ಳಾರಿಯಿಂದ ಬಂದ ಆರು ಜನ ಸೈಕಲ್ ಸವಾರರು, ತಲೆಗೆ ಹೆಲ್ಮೆಟ್ಟು, ಕಣ್ಣಿಗೆ ಕಪ್ಪು ಕನ್ನಡಕ, ಏರು ಹತ್ತಿ ಮುಗಿಸಿ ಇಳಿಜಾರಿನ ಖುಷಿಯಲ್ಲಿದ್ದರು. ಮುಂದಿನವನು ಶರಣ, ಬ್ಯಾಂಕಿನವನು, ಹಿಂದೆಯೂ ಒಮ್ಮೆ ಬಂದು ಬಳೆಯ ಜೊತೆ ಫೋಟೋ ತೆಗೆಸಿಕೊಂಡವನು. ಸಾಬರು ಹೆಗಲ ಮೇಲಿನ ಕೆಂಪು ವಸ್ತ್ರ ಬಿಚ್ಚಿ, ಎರಡೂ ಕೈ ಚಾಚಿ ದಾರಿಗಡ್ಡ ನಿಂತರು. ಶರಣನ ಚಕ್ರ ಅವರ ಮೊಣಕಾಲಿಗೆ ತಾಕಿ ನಿಂತಿತು.

“ಏನ್ರೀ ಇದು! ಟೋಕನ್ ಎಲ್ಲೈತಿ?”

“ನನ್ ಮನ್ಯಾಗ ಐತಿ. ತಪ್ಪು ನಂದು. ಈಗ ಟೋಕನ್ ನಾನ. ಸೇತುವಿ ಮ್ಯಾಲ ಹುಡುಗಿ ಬರಾಕತ್ತಾಳ, ನಿಂದರ್ರಿ.”

“ಮನ್ಯಾಗ ಇಟ್ಕೊಂಡು ಇಲ್ಲಿ ನಮಗ ರೂಲ್ಸ್ ಹೇಳ್ತೀರೇನು?” ಎಂದು ಶರಣ ನಕ್ಕ. ಅಷ್ಟರಲ್ಲಿ ಹಿಂದಿದ್ದ ಇನ್ನೊಬ್ಬ, ಮಾತು ಕೇಳಿಸಿತೋ ಇಲ್ಲವೋ, ಎಡಕ್ಕಿದ್ದ ಸಂದಿಯಲ್ಲಿ ನುಗ್ಗಿದ. ಸಾಬರು ತಿರುಗಿ ಅವನ ಬೆನ್ನಿನ ಬ್ಯಾಗಿಗೆ ಕೈ ಹಾಕಿ ಎಳೆದರು. ಸೈಕಲ್, ಸವಾರ, ಸಾಬರು ಮೂವರೂ ಜಲ್ಲಿಯ ಮೇಲೆ ಉರುಳಿದರು. ಅವನು ಬೈಯಲು ಬಾಯಿ ತೆರೆದ. ಆಗ ಕಟಿಂಗಿನೊಳಗಿಂದ ಸೈಕಲ್ ಗಂಟೆ ಕೇಳಿಸಿತು. ಮುಂದಿನ ತಿರುವಿನಲ್ಲಿ, ಪೆಡಲ್ ಮೇಲೆ ನಿಂತು ಜೀವ ಬಿಟ್ಟು ತುಳಿಯುತ್ತಾ ಐಶ್ವರ್ಯ ಬಂದಳು. ಅವನು ಸೈಕಲ್ ಬದಿಗೆಳೆದು ದಾರಿ ಬಿಟ್ಟ.

“ತಾತಾ, ರಕ್ತ!”

“ನಿಂದರಬ್ಯಾಡ! ಎಂಟೂ ಮೂವತ್ತಮೂರು ಆತು. ಹೋಗು!”

ಶರಣ ಸಾಬರ ಮೊಣಕೈಗೆ ನೀರು ಹಾಕಿದ. ಬಳೆ ಬರುವವರೆಗೆ ಯಾರೂ ಇಳಿಯುವಂತಿಲ್ಲ ಎಂದಾಗ ಆರೂ ಜನ ಸೈಕಲ್ ತಿರುಗಿಸಿದರು. ಬಸ್ಸು ಸಿಕ್ಕಿತೆಂದು ಐಶ್ವರ್ಯ ತಾಯಿಗೆ ಫೋನ್ ಮಾಡಿದ ಸುದ್ದಿ ಮಧ್ಯಾಹ್ನದ ಹೊತ್ತಿಗೆ ಸಾಬರಿಗೂ ಮುಟ್ಟಿತು.

ಸಂಜೆ ಕ್ಯಾಂಪಿನ ಗೂಟದ ಹತ್ತಿರ ಜನ ಸೇರಿದ್ದರು. ಬಳೆ ಗೂಟದಲ್ಲಿತ್ತು, ಹೊಸದಾಗಿ ಸುತ್ತಿದ ಟ್ಯೂಬಿನ ಪಟ್ಟಿಯ ಸಮೇತ. ಎಲ್ಲಿಂದ ಬಂತೆಂದು ಯಾರೂ ಕೇಳಿರಲಿಲ್ಲ, ಸಾಬರೂ ಹೇಳಿರಲಿಲ್ಲ. ಡಾಂಬರು ರಸ್ತೆಯ ಕಡೆಯಿಂದ ಖಾಲಿ ಬುಟ್ಟಿ ಹಿಡಿದು ಖಾತೂನ್ ಬೀ ಬಂದರು. ಮೊಣಕಾಲವರೆಗೆ ಧೂಳು.

“ಬರ್ರಿ ಬೀ, ಸಿಂಬಿ ಚಲೋ ಇತ್ತೇನು?” ಎಂದ ಕೊಟ್ಟೂರಪ್ಪ. ನಾಲ್ಕು ಜನ ನಕ್ಕರು.

ಖಾತೂನ್ ಬೀ ಬುಟ್ಟಿ ಕೆಳಗಿಟ್ಟರು. “ಯಾವ ಸಿಂಬಿ? ನಸುಕಿನಾಗ ಬಂದ್ನಿ, ಗೂಟ ಖಾಲಿ ಇತ್ತು. ರೋಡ್ ಹಿಡಿದು ಹೋದ್ನಿ. ಟೋಕನ್ ಸಿಕ್ಕಿದ್ದು ಗೊತ್ತಿರಲಿಲ್ಲ, ಬರೂವಾಗೂ ರೋಡ ಹಿಡದ್ನಿ.”

ಇಪ್ಪತ್ತಾರು ಕಿಲೋಮೀಟರು. ಯಾರೂ ಕಾಯುತ್ತಿರಲಿಲ್ಲ, ಯಾರೂ ನೋಡುತ್ತಿರಲಿಲ್ಲ. ಖಾಲಿ ಗೂಟದ ಮಾತಿಗೆ ಬೆಲೆಕೊಟ್ಟು ಬುಟ್ಟಿ ಹೊತ್ತು ನಡೆದಿದ್ದಳು ಆ ಹೆಂಗಸು. ಆಕೆಯನ್ನು ಕಳ್ಳಿ ಮಾಡಿ ಬಳೆ ಉಳಿಸಲು ಹೊರಟಿದ್ದೆನಲ್ಲ ಎಂದುಕೊಂಡು ಸಾಬರು ಜನರ ಮುಂದೆ ಬಂದು ನಿಂತರು.

“ಟೋಕನ್ ಒಯ್ದಿದ್ದು ನಾನು” ಎಂದರು. “ರಿಪೇರಿಗೆ ಒಯ್ದು ಮರತ್ನಿ. ಮುಂಜಾನಿಂದ ಗೊತ್ತಿತ್ತು. ಈಗ ಹೇಳಾಕತ್ತೀನಿ.”

ಯಾರೂ ನಗಲಿಲ್ಲ. ಕೊಟ್ಟೂರಪ್ಪ ಕೂಡ.

ಖಾತೂನ್ ಬೀ ಅವರ ಕಡೆ ತಿರುಗಿದರು. “ಕೀಮನ್ ಭಾಯಿ, ನನಗ ಎಷ್ಟು ದಿನ ಹಾಕಿದ್ರಿ?”

“ಒಂದು ತಿಂಗಳು.”

“ಹಂಗಂದ್ರ ನಿಮಗೂ ಒಂದು ತಿಂಗಳು. ಲೈನಿಗೆ ಕಾಲಿಡಂಗಿಲ್ಲ. ಇವತ್ತಿಂದು ಲೆಕ್ಕಕ್ಕಿಲ್ಲ, ನಾಳಿಂದ.”

“ಬೀ, ನಲವತ್ತು ವರ್ಷದಿಂದ ನಡದಾರ ಅವರು,” ಎಂದ ಕೊಟ್ಟೂರಪ್ಪ. “ಹಲಗಿ ಯಾರು ನೋಡ್ತಾರ?”

ಗೌಸ್ ಸಾಬರು ಸುತ್ತಿಗೆಯನ್ನು ಅವನ ಕೈಗೆ ಕೊಟ್ಟರು.

ಮರುದಿನ ನಸುಕಿನಲ್ಲಿ ಖಾತೂನ್ ಬೀ ಬಳೆ ಮುಟ್ಟಿ ನೋಡಿ ಲೈನಿಗಿಳಿದರು. ಸಾಬರು ಡಾಂಬರು ರಸ್ತೆ ಹಿಡಿದರು. ಹೋಗಬೇಕಾದ ಊರೇನೂ ಇರಲಿಲ್ಲ, ನಡೆದ ಕಾಲು ಸುಮ್ಮನಿರಬೇಕಲ್ಲ. ಗುಡ್ಡದೊಳಗಿಂದ ಕೊಟ್ಟೂರಪ್ಪನ ಸುತ್ತಿಗೆಯ ಸದ್ದು ಕೇಳುತ್ತಿತ್ತು. ಒಂದು ಹಲಗೆಯ ಸದ್ದು ಒಡೆದು ಬಂತು. ಸಾಬರು ರಸ್ತೆಯ ನಡುವೆ ನಿಂತುಬಿಟ್ಟರು. ಅತ್ತ ಸುತ್ತಿಗೆಯೂ ನಿಂತಿತು. ಆಮೇಲೆ ಅದೇ ಜಾಗದಲ್ಲಿ ಏಟುಗಳು ಬೀಳತೊಡಗಿದವು. ಎಣಿಸಿದರು, ಹನ್ನೊಂದು. ಮುಂದಿನ ಹಲಗೆಯ ಸದ್ದು ಕೇಳಿದ ಮೇಲೆ ಅವರು ನಡೆದರು.