ಮೈಲಾರಲಿಂಗಪ್ಪನವರ ಕೀ, ಮೀನಾಕ್ಷಿಯ ಮೇಜು

ಹರಿಹರದಲ್ಲಿ ಹೂವಿನಂಗಡಿಗಳ ಸಾಲು ಮುಗಿಯುವಲ್ಲಿ, ಬಟ್ಟೆ ಅಂಗಡಿಯೊಂದರ ಮೆಟ್ಟಿಲ ಪಕ್ಕ, ಗಾಜಿನ ಮುಚ್ಚಳದ ಒಂದು ಮೇಜು. ಅದರ ಹಿಂದೆ ಮೀನಾಕ್ಷಿ. ಊರು ಭಾನುವಳ್ಳಿ, ದಿನಾ ಬೆಳಿಗ್ಗೆ ಬಸ್ಸಿಗೆ ಬರುತ್ತಾಳೆ. ವಯಸ್ಸು ನಲವತ್ತೆರಡು, ಅದರಲ್ಲಿ ಇಪ್ಪತ್ತಮೂರು ವರ್ಷ ಈ ಮೇಜಿನ ಹಿಂದೆಯೇ ಕಳೆದಿದೆ. ಆದರೂ ಹೊಸ ಗಿರಾಕಿಗಳು ಬಂದವರೇ ಕೇಳುವುದು ಒಂದೇ ಮಾತು: "ರಿಪೇರಿಯೋರು ಎಲ್ಲಿಗೆ ಹೋದ್ರವ್ವಾ?" ಆಕೆ "ಇಲ್ಲೇ ಅದಾರ, ಕೂಡ್ರಿ" ಎಂದು ಸ್ಟೂಲು ತೋರಿಸಿ, ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಳ್ಳುತ್ತಾಳೆ.

ವಾಚು ರಿಪೇರಿಯ ವಿದ್ಯೆ ಕಲಿಸಿದ್ದು ತಂದೆ ಜಂಬಯ್ಯ. ಅವರ ಪಾಠ ಎರಡೇ. ಸೆಲ್ಲನ್ನು ಅಂಚಿನಲ್ಲಿ ಹಿಡಿ, ಮುಖ ಮುಟ್ಟಬೇಡ. ಗಿರಾಕಿಯ ಮುಖ ಸಣ್ಣದು ಮಾಡಿ ಕಳಿಸಬೇಡ. ಮೊಬೈಲು ಬಂದು ವಾಚುಗಳು ಕಡಿಮೆಯಾದಾಗ ಮೀನಾಕ್ಷಿ ಅಳುತ್ತ ಕೂರಲಿಲ್ಲ. ಕಾರಿನ ರಿಮೋಟ್ ಕೀಗಳನ್ನು ಬಿಚ್ಚಿ ನೋಡಿದಳು. ಒಳಗೆ ಇದ್ದದ್ದು ಅದೇ ಬಟನ್ ಸೆಲ್ಲು, ಸೆಲ್ಲನ್ನು ಒತ್ತಿ ಹಿಡಿಯುವ ಅದೇ ತಗಡಿನ ನಾಲಿಗೆ.

ಇನ್ನು ನಮ್ಮ ಮೈಲಾರಲಿಂಗಪ್ಪನವರು. ದಾವಣಗೆರೆಯ ಸರಸ್ವತಿ ನಗರದಲ್ಲಿ ನಮ್ಮ ಪಕ್ಕದ ಮನೆ. ಮೂವತ್ತೊಂದು ವರ್ಷ ವಿದ್ಯುತ್ ಇಂಜಿನಿಯರಾಗಿದ್ದು ನಿವೃತ್ತರಾದವರು. ಬೀದಿಯಲ್ಲಿ ಕರೆಂಟು ಹೋದರೆ ಹೊರಗೆ ಬಂದು ಆಕಾಶ ನೋಡಿ, "ಇನ್ನು ಹತ್ತು ನಿಮಿಷ" ಎನ್ನುತ್ತಾರೆ. ಅದು ಹತ್ತು ನಿಮಿಷಕ್ಕೆ ಬಂದದ್ದಿಲ್ಲ. ಆದರೆ ಅವರು ಹೇಳುವ ರೀತಿ ನೋಡಿದರೆ ತಪ್ಪು ಕರೆಂಟಿನದೇ ಅನಿಸುತ್ತದೆ.

ಅವರ ಹೊಸ ಕಾರು ಕೀ ಜೇಬಿನಲ್ಲಿದ್ದು ಗುಂಡಿ ಒತ್ತಿದರೆ ಚಾಲೂ ಆಗುವಂಥದ್ದು. ಕೀಯ ಬ್ಯಾಟರಿ ಮುಗಿಯುತ್ತಾ ಬಂದಿದೆ ಎಂದು ಅದು ನಾಲ್ಕು ದಿನ ಎಚ್ಚರಿಸಿತು. "ಇಡೀ ತಾಲ್ಲೂಕಿಗೆ ಕರೆಂಟು ಕೊಟ್ಟೋನು ನಾನು, ಇದ್ಯಾವ ಲೆಕ್ಕ" ಎಂದು ಅವರೇ ಸೆಲ್ಲು ತಂದು ಹಾಕಿದರು. ಮರುದಿನ ಮಗಳು ತನುಶ್ರೀಯ ನಿಶ್ಚಿತಾರ್ಥ, ನಂದಿಗುಡಿಯಲ್ಲಿ. ಹನ್ನೊಂದೂವರೆಯೊಳಗೆ ಉಂಗುರ ತೊಡಿಸಬೇಕು. ತನುಶ್ರೀ, ನೆಂಟರೆಲ್ಲ ಟೆಂಪೋದಲ್ಲಿ ಮುಂದೆ ಹೋಗಿದ್ದರು. ಉಂಗುರಗಳು ಕಾರಿನಲ್ಲಿ, ಕಾರಿನಲ್ಲಿ ಮೈಲಾರಲಿಂಗಪ್ಪನವರು, ಹೆಂಡತಿ ಭುವನೇಶ್ವರಮ್ಮ, ಹಿಂದೆ ಹಣ್ಣಿನ ತಟ್ಟೆಗಳ ನಡುವೆ ನಾನು.

ಹರಿಹರದಲ್ಲಿ ಹಾರ ಕೊಳ್ಳಲು ಮೂವರೂ ಇಳಿದೆವು. ಅವರು ಕೀ ಒತ್ತಿ ಬೀಗ ಹಾಕಿದರು. ಹಾರ ಹಿಡಿದು ವಾಪಸು ಬಂದರೆ ಕಾರು ತೆರೆಯಲೊಲ್ಲದು. ಒತ್ತಿದರು, ಅಲುಗಾಡಿಸಿದರು, ಪಂಚೆಗೆ ಉಜ್ಜಿದರು. ಕೊನೆಗೆ ರಿಮೋಟಿನ ಒಳಗಿನ ಪುಟ್ಟ ಕಬ್ಬಿಣದ ಕೀ ಎಳೆದು ಬಾಗಿಲು ತೆರೆದರು. ಕಾರು ಕಳ್ಳ ಬಂದನೆಂದು ಹಾರನ್ ಹೊಡೆದು ಬಜಾರನ್ನೆಲ್ಲ ಕರೆಯಿತು. ಗಾಬರಿಯಾಗಿ ಮತ್ತೆ ಬೀಗ ಜಡಿದರು, ಉಂಗುರಗಳು ಒಳಗೇ ಉಳಿದವು.

ಭುವನೇಶ್ವರಮ್ಮ ಗಡಿಯಾರ ನೋಡಿದರು. ಹತ್ತೂ ಇಪ್ಪತ್ತು. "ಹೊಡ್ಕೊಳ್ಳಲಿ ಬಿಡ್ರಿ ಹಾರನ್ನು. ಉಂಗುರ ತಗೊಂಡು ಆಟೋದಾಗೆ ಹೋಗಾನ."

"ಆಟೋದಾಗೆ? ಬೀಗರ ಮನಿ ಮುಂದೆ ನಾನು ಆಟೋ ಇಳೀಲೇನು?"

"ಯಾಕ, ಆಟೋದಾಗೆ ಇಳಿದ್ರೆ ಮಗಳ್ನ ಬ್ಯಾಡ ಅಂತಾರೇನು?"

ಪಕ್ಕದಲ್ಲೇ ಆಟೋ ನಿಲ್ಲಿಸಿಕೊಂಡಿದ್ದ ಜಮಾಲ್ ಸಾಬ್, ಬರಬಹುದಾದ ಬಾಡಿಗೆಯನ್ನು ತಾವೇ ಬಿಟ್ಟುಕೊಟ್ಟರು. "ಸಾಹೇಬ್ರ, ಅಲ್ಲಿ ಮೀನಾಕ್ಷಿ ಮೇಡಂಗೆ ತೋರ್ಸ್ರಿ. ಆಗ್ಲಿಲ್ಲಾಂದ್ರೆ ನಾನು ಇಲ್ಲೇ ಅದೀನಿ."

"ಹತ್ತು ನಿಮಿಷ," ಭುವನೇಶ್ವರಮ್ಮ ಗಡುವು ಕೊಟ್ಟರು. "ಆಮೇಲೆ ಆಟೋನೇ."

ಮೇಜಿನ ಮುಂದೆ ನಿಂತ ಮೈಲಾರಲಿಂಗಪ್ಪನವರು ಕೇಳಿದ್ದೂ ಅದನ್ನೇ. "ರಿಪೇರಿಯೋರು ಇಲ್ಲೇನವ್ವಾ? ಅರ್ಜೆಂಟ್ ಐತೆ."

"ಇಲ್ಲೇ ಅದಾರ, ಕೂಡ್ರಿ ಸರ್."

"ಕೂಡಾಕ ಟೈಮಿಲ್ಲ, ಹತ್ತೇ ನಿಮಿಷ ಐತೆ."

"ನಿಂತ್ರೆ ನನಗೆ ಬೆಳಕು ಬರಲ್ಲ ಸರ್."

ಇಂಜಿನಿಯರು ಸ್ಟೂಲಿನ ಮೇಲೆ ಕೂತರು. ಮೀನಾಕ್ಷಿ ಸಂದಿಗೆ ಉಗುರು ಕೊಟ್ಟು ಕೀಯನ್ನು ಎರಡು ಹೋಳು ಮಾಡಿ, ಚಿಮಟದಲ್ಲಿ ಸೆಲ್ಲಿನ ಅಂಚು ಹಿಡಿದು ಮೇಲೆತ್ತಿದಳು. ನಾವು ಮೂವರೂ ಬಗ್ಗಿ ನೋಡಿದೆವು.

ಸೆಲ್ಲಿನ ಹಣೆಯ ಮೇಲೆ ಮೂರು ಎಳೆ ವಿಭೂತಿ. ನಡುವೆ ಎಣ್ಣೆಯಲ್ಲಿ ಕಲಸಿದ ಕುಂಕುಮದ ಬೊಟ್ಟು, ಬಿಸಿಲಿಗೆ ಕರಗಿ ತಗಡಿನ ನಾಲಿಗೆಯವರೆಗೂ ಹರಿದಿತ್ತು.

"ಬೊಟ್ಟು ಇಡಾಕ ಇಡೀ ಕಾರಿತ್ತಲ್ರೀ!" ಎಂದರು ಭುವನೇಶ್ವರಮ್ಮ.

"ಮನಿಗೆ ಹೊಸಾದು ಏನು ತಂದ್ರೂ ಪೂಜೆ ಮಾಡ್ದೆ ಹೆಂಗೆ ಬಳಸ್ತಾರೆ?" ಮೈಲಾರಲಿಂಗಪ್ಪನವರ ದನಿ ಮೂವತ್ತೊಂದು ವರ್ಷದಲ್ಲಿ ಮೊದಲ ಸಲ ಇಳಿದಿತ್ತು.

ನಾನು ಹೂವಿನಂಗಡಿಯ ಕಡೆ ತಿರುಗಿ ನಕ್ಕೆ. ಮೀನಾಕ್ಷಿ ನಗಲಿಲ್ಲ.

"ಪೂಜೆ ಮಾಡಿದ್ದು ಚಲೋನೇ ಸರ್. ಜಾಗ ಒಂದು ತಪ್ಪೈತೆ. ಕರೆಂಟು ಹಾಯೋದು ಈ ಮುಖದಿಂದ. ನಿಮಗೆ ಗೊತ್ತಿಲ್ದಿರದೇನು, ಗಡಿಬಿಡ್ಯಾಗೆ ಆಗ್ತತೆ."

"ಬೇರೆ ಸೆಲ್ಲು ಹಾಕಿಬಿಡವ್ವಾ."

ಆಕೆ ಹಳೆಯ ಪಂಚೆಯ ಚೂರಿಗೆ ಸ್ಪಿರಿಟ್ ಅದ್ದಿ ಸೆಲ್ಲನ್ನು ಒರೆಸಿ, ಮೀಟರಿಗೆ ಹಿಡಿದಳು. ಮುಳ್ಳು ಮೂರು ವೋಲ್ಟಿಗೆ ಏರಿತು. "ಗಟ್ಟಿ ಐತಲ್ಲ ಸರ್. ಒಳ್ಳೇ ಸೆಲ್ಲು ಯಾಕ ಬಿಸಾಕ್ಬೇಕು?" ತಗಡಿಗೆ ಅಂಟಿದ್ದ ಎಣ್ಣೆಯನ್ನೂ ತೆಗೆದಳು, ಒತ್ತಿ ಚಪ್ಪಟೆಯಾಗಿದ್ದ ಆ ನಾಲಿಗೆಯನ್ನು ಕೂದಲೆಳೆಯಷ್ಟು ಮೇಲೆತ್ತಿದಳು. ಆಮೇಲೆ ಚಿಮಟವನ್ನು ಮೈಲಾರಲಿಂಗಪ್ಪನವರ ಕೈಗೇ ಕೊಟ್ಟಳು. "ನೀವೇ ಕೂಡ್ಸ್ರಿ. ಅಂಚಿಗೆ ಹಿಡೀರಿ."

"ಹೊತ್ತಾಗ್ತತವ್ವಾ!" ಎಂದರು ಭುವನೇಶ್ವರಮ್ಮ.

"ಇನ್ನೂ ಮೂರು ನಿಮಿಷ ಅದಾವ ಅಮ್ಮಾ."

ಅವರು ಉಸಿರು ಹಿಡಿದು ಸೆಲ್ಲು ಕೂರಿಸಿದರು, ಹೋಳುಗಳನ್ನು ಸೇರಿಸಿ ಒತ್ತಿದರು. ಅಷ್ಟು ದೂರದಲ್ಲಿ ಕಾರು ಎರಡೂ ಕಣ್ಣು ಮಿಟುಕಿಸಿತು. ಜಮಾಲ್ ಸಾಬ್ ಬಾಡಿಗೆ ತಪ್ಪಿದ ಖುಷಿಗೆ ಚಪ್ಪಾಳೆ ತಟ್ಟಿದರು. ಭುವನೇಶ್ವರಮ್ಮ ದುಡ್ಡು ಕೊಡುತ್ತ ಆಕೆಯ ಊರು ಯಾವುದೆಂದು ಕೇಳಿಕೊಂಡರು.

ನಂದಿಗುಡಿ ಮುಟ್ಟಿದಾಗ ಹನ್ನೊಂದೂ ಕಾಲು. ಉಂಗುರ ಹೊತ್ತಿಗೆ ಸರಿಯಾಗಿ ತನುಶ್ರೀಯ ಬೆರಳೇರಿತು. ಊಟಕ್ಕೆ ಕೂತಾಗ ಬೀಗರು ಹಾಲಸ್ವಾಮಿ ಕೇಳಿದರು, "ಯಾಕ ಬೀಗರೆ, ಕಾರು ಕೈ ಕೊಡ್ತಂತೆ? ನೀವೇ ರಿಪೇರಿ ಮಾಡಿದ್ರಂತೆ?"

ಅವಕಾಶ ಎಲೆಯ ಮೇಲೇ ಇತ್ತು, ಹೋಳಿಗೆಯ ಪಕ್ಕ. ಸೆಲ್ಲು ಕೂರಿಸಿದ್ದು ಅವರೇ ತಾನೆ? ಮೈಲಾರಲಿಂಗಪ್ಪನವರು ಹೂಂ ಎನ್ನುತ್ತಾರೆಂದೇ ನಾನು ಕಾದೆ. ಅವರು ಕೈಯಲ್ಲಿದ್ದ ತುತ್ತನ್ನು ಎಲೆಗಿಟ್ಟರು.

"ನಾನಲ್ಲ. ಕೆಡಿಸಿದ್ದು ನಾನು. ಹರಿಹರದಾಗೆ ಮೀನಾಕ್ಷಿ ಅಂತ ಒಬ್ರು ಇಂಜಿನಿಯರ್ ಅದಾರ. ಕೈ ಅಂದ್ರೆ ಕೈ ನೋಡ್ರಿ ಅದು! ನಮ್ಮ ಇಲಾಖೆನಾಗೂ ಅಂಥಾ ಕೈ ನಾನು ಕಂಡಿಲ್ಲ."

ಅವರ ಲೆಕ್ಕದಲ್ಲಿ ತಮ್ಮನ್ನು ಪಾರುಮಾಡಿದವರು ಇಂಜಿನಿಯರಿಗಿಂತ ಕಡಿಮೆ ಇರಲು ಸಾಧ್ಯವೇ ಇಲ್ಲವಲ್ಲ! ಗಂಡನ ಮಾತನ್ನು ತಿದ್ದದೆ ಎಂದೂ ಬಿಡದ ಭುವನೇಶ್ವರಮ್ಮ ಮಾತ್ರ ಅವತ್ತು ತಿದ್ದಲಿಲ್ಲ. "ಹೌದ್ರಿ," ಎಂದರು ಬೀಗಿತ್ತಿಯ ಕಡೆ ತಿರುಗಿ, "ನಮ್ಮ ಭಾನುವಳ್ಳಿ ಹುಡುಗಿನೇ."