ಮೇಷ್ಟ್ರನ್ನು ಹೊರಗೆ ಕಳಿಸಿದ ಮಾತು

ಸಾಯುವ ಹಿಂದಿನ ದಿನ ನಮ್ಮವರು ಊಟಕ್ಕೆ ತಡವಾಗಿ ಬಂದರು. ಊಟ ಆರಿಹೋಗಿತ್ತು, ನಾನು ಗೊಣಗಿದೆ. ಬೇರೇನೂ ವಿಶೇಷ ಇರಲಿಲ್ಲ.

ಮನೆಯ ಮುಂದಿನ ಕೋಣೆಯಲ್ಲೇ ಅವರ ಕೆಲಸ. ನಾಲಿಗೆ ಸರಿಯಾಗಿ ಹೊರಳದ ಚಿಕ್ಕ ಮಕ್ಕಳಿಗೆ ಮಾತು ತಿದ್ದುವುದು. ಮೂವತ್ತು ವರ್ಷ ಅದನ್ನೇ ಮಾಡಿದರು. ಒಂದು ಚಾಪೆ, ಗೋಡೆಯ ಬುಡದಲ್ಲಿ ಒಂದು ಕನ್ನಡಿ, ಒಂದು ಚೊಂಬು ನೀರು. ಎಲ್ಲರೂ ಮೇಷ್ಟ್ರು ಅನ್ನುತ್ತಿದ್ದರು. ನಾನು ಓದಿದ್ದು ನಾಲ್ಕನೇ ಕ್ಲಾಸು. ತಾಯಂದಿರನ್ನು ಹೊರಗೆ ಕೂರಿಸಿಕೊಳ್ಳುವುದು ನನ್ನ ಕೆಲಸ. ಮಗು ಬಾಯಿ ತೆರೆಯುವ ಮೊದಲೇ ತಾಯಿ ಹೇಳಿಬಿಡುತ್ತಾಳೆ, ಅದಕ್ಕೆ.

ಅವರದೊಂದು ಆಟ ಇತ್ತು. ಮಗು ಯಜಮಾನ, ಇವರು ಆಳು. ಏಳು ಅಂದರೆ ಏಳುವುದು, ಕೂರು ಅಂದರೆ ಕೂರುವುದು. ಆದರೆ ಮಾತು ಸ್ಪಷ್ಟವಾಗಿ ಬರಬೇಕು. ಬರದಿದ್ದರೆ ಕದಲುತ್ತಿರಲಿಲ್ಲ.

ಆ ದಿನದ ಕೊನೆಯ ಮಗು ಗುಬ್ಬಿ. ಎದುರು ಕಟ್ಟಡದ ಮೂರನೇ ಮಹಡಿಯಲ್ಲಿರುವ ಹೊಲಿಗೆಯವಳ ಮಗಳು. ನಾಲ್ಕೂವರೆ ವರ್ಷ. ನಾವೆಲ್ಲ ಗುಬ್ಬಿ ಅಂದರೆ ಅವಳು ತನ್ನನ್ನು ದುಬ್ಬಿ ಅನ್ನುತ್ತಿದ್ದಳು. ಗ ಬರದು, ದ ಬರುತ್ತಿತ್ತು. ಶಾಲೆಯಲ್ಲಿ ನಗುತ್ತಾರೆಂದು ಅಲ್ಲಿ ಬಾಯಿ ಬಿಡುತ್ತಿರಲಿಲ್ಲ.

"ಏನ್ ಮೇಷ್ಟ್ರೇ, ಅವಳು ಹೇಳೋದು ನಿಮಗೆ ಅರ್ಥ ಆಗಲ್ವಾ?" ಅಂತ ಹೊಲಿಗೆಯವಳು ಒಮ್ಮೆ ರೇಗಿದ್ದಳು.

"ಎಲ್ಲಾ ಅರ್ಥ ಆಗುತ್ತೆ ಕಣಮ್ಮ. ಅವಳ ಹತ್ರ ಮಾತ್ರ ಹೇಳ್ಬೇಡ."

ಮೂರು ತಿಂಗಳು ಗುಟುಕು ನೀರು ಕೊಟ್ಟು ಗಂಟಲಲ್ಲಿ ಗಳಗಳ ಮಾಡಿಸಿದರು. ನಾಲಿಗೆಯ ತುದಿ ಏಳದಂತೆ ಚಮಚದ ಹಿಡಿಯಿಂದ ಒತ್ತಿ ಹಿಡಿದರು. ಆ ಮಧ್ಯಾಹ್ನ ಅವಳು "ಹೋಗು" ಅಂದಳು. ಹೋದು ಅಲ್ಲ, ಹೋಗು. ನಮ್ಮವರು ಎದ್ದು ಹೊರಗೆ ನಡೆದರು. ಶಭಾಶ್ ಅನ್ನಲಿಲ್ಲ. ಎಂದೂ ಅನ್ನುವವರಲ್ಲ. ಹೇಳಿದ್ದು ಆಗುವುದೇ ಮಗುವಿಗೆ ಶಭಾಶ್ ಅನ್ನುತ್ತಿದ್ದರು.

ಮಗು "ಬಾ" ಅಂದರೆ ಮತ್ತೆ ಒಳಗೆ ಹೋಗಬೇಕು. ಗುಬ್ಬಿ ಕರೆಯಲಿಲ್ಲ. ಒಳಗೆ ಒಬ್ಬಳೇ ಕಿಲಕಿಲ ನಗುತ್ತಿದ್ದಳು. ಇವರು ಅಡುಗೆಮನೆ ಬಾಗಿಲಲ್ಲಿ ನಿಂತೇ ಇದ್ದರು.

"ಊಟಕ್ಕೆ ಬನ್ನಿ."

"ಯಜಮಾನ್ರು ಇನ್ನೂ ಕರೆದಿಲ್ವಲ್ಲ."

"ಮೂವತ್ತು ವರ್ಷದಿಂದ ನಾನು ಕರೀತಿದೀನಿ. ಒಂದು ದಿನ ಕರೆದ ತಕ್ಷಣ ಬಂದಿದೀರಾ?"

"ನೀನು ಸ್ಪಷ್ಟವಾಗಿ ಹೇಳಲ್ಲ."

ಅಷ್ಟರಲ್ಲಿ ಹೊಲಿಗೆಯವಳು ಬಂದು ಮಗುವನ್ನು ಅವಸರದಲ್ಲಿ ಎಳೆದುಕೊಂಡು ಹೋದಳು. "ನಾಳೆ ಕರೀತಾಳೆ ಬಿಡು" ಅಂದು ಇವರು ಕೈ ತೊಳೆದರು.

ಬೆಳಿಗ್ಗೆ ಬಚ್ಚಲಲ್ಲಿ ಮುಖ ತೊಳೆಯುತ್ತಾ ಬಿದ್ದರು. ಡಾಕ್ಟರು ಬಂದು ಹೃದಯ ನಿಂತಿದೆ ಅಂದರು. ಅಷ್ಟೇ.

ಮನೆ ತುಂಬ ಜನ. ಹೊಲಿಗೆಯವಳು ಗುಬ್ಬಿಯನ್ನು ಸೊಂಟದ ಮೇಲೆ ಎತ್ತಿಕೊಂಡು ಬಂದು ಪಕ್ಕದಲ್ಲೇ ನಿಂತಿದ್ದಳು. ನನ್ನ ನಾದಿನಿ ಕೇಳಿದಳು: "ನಿನ್ನೆ ಅಣ್ಣ ಚೆನ್ನಾಗಿದ್ನಾ ಅತ್ತಿಗೆ?"

"ಚೆನ್ನಾಗೇ ಇದ್ರು. ಈ ಮಗು ಹೋಗು ಅಂತು, ಎದ್ದು ಹೋದ್ರು. ಹಂಗೇ ಹೋಗ್ಬಿಟ್ರು."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರೆ. ಯಾರ ಕಿವಿಗೆ ಬಿತ್ತು ಎಂದು ನಾನು ನೋಡಲಿಲ್ಲ.

ತಿಂಗಳ ಮೇಲೆ ಹೊಲಿಗೆಯವಳು ಬಂದಳು. "ಅಕ್ಕಾ, ಗುಬ್ಬಿ ಮಾತೇ ಬಿಟ್ಟಿದಾಳೆ. ಮೊದಲು ತಪ್ಪಾಗಿ ಆದ್ರೂ ಮಾತಾಡ್ತಿದ್ಲು. ಈಗ ನೀರು ಬೇಕಂದ್ರೂ ಬೆರಳು ತೋರಿಸ್ತಾಳೆ."

"ನಾನೇನು ಮಾಡ್ಲಿ? ಮೇಷ್ಟ್ರು ನಾನಲ್ಲ."

ಅವಳು ತಲೆ ತಗ್ಗಿಸಿದಳು. "ನಾನು ಅಂಗಡಿಗೆ ಹೊರಟ್ರೆ ಬಾಯಿ ಮೇಲೆ ಕೈ ಇಟ್ಕೊಂಡು ಕೂತಿರ್ತಾಳೆ. ಅವತ್ತು ನೀವು ಅಂದಿದ್ದು ಕೇಳಿಸ್ಕೊಂಡಿದಾಳೆ ಅಕ್ಕಾ."

ಚಪ್ಪಲಿ ಮೆಟ್ಟಿ ಅವಳ ಹಿಂದೆಯೇ ಹೋದೆ. ಹೊಲಿಗೆ ಯಂತ್ರದ ಕೆಳಗೆ ಚಿಂದಿ ಬಟ್ಟೆಗಳ ಮೇಲೆ ಗುಬ್ಬಿ ಕೂತಿದ್ದಳು.

"ಮೇಷ್ಟ್ರು ಹೃದಯ ನಿಂತು ಸತ್ರು ಕಣೇ. ನಿನ್ನ ಮಾತಿಂದ ಅಲ್ಲ. ನಾನು ಅಂದಿದ್ದು ತಪ್ಪು" ಅಂದೆ.

ಬಾಯಿಯ ಮೇಲಿಂದ ಅವಳು ಕೈ ತೆಗೆಯಲಿಲ್ಲ. ಅಷ್ಟು ಚಿಕ್ಕ ಮಗುವಿಗೆ ಹೃದಯ ಅಂದರೇನು ಗೊತ್ತು? ಹೋಗು ಅಂದದ್ದು ಗೊತ್ತು. ಅವರು ತಿರುಗಿ ಬರಲಿಲ್ಲ, ಅದು ಗೊತ್ತು.

ಮರುದಿನ ಮತ್ತೆ ಹೋದೆ. "ನನ್ನನ್ನ ಕಳಿಸು, ನೋಡೋಣ" ಅಂದೆ. ಕಳಿಸಲಿಲ್ಲ. ನಾನೇ ಏಳಲು ಹೋದರೆ ಎರಡು ಕೈಯಲ್ಲೂ ನನ್ನ ಕಾಲು ಅಪ್ಪಿ ಹಿಡಿದಳು. ಆರು ದಿನ ಹೀಗೇ. ಏಳನೆಯ ದಿನ ಹಿಡಿತ ಸಡಿಲಿಸಿದಳು. ನಾನು ಮೂರು ಮಹಡಿ ಇಳಿದು, ಬೀದಿಯ ದೀಪದ ಕಂಬ ಮುಟ್ಟಿ, ಮತ್ತೆ ಮೂರು ಮಹಡಿ ಹತ್ತಿ ಬಂದೆ. ಅವಳು ನನ್ನ ಮುಖ ಮುಟ್ಟಿ ನೋಡಿದಳು.

ವರ್ಷವಾಗುತ್ತ ಬಂತು. ಇನ್ನೊಬ್ಬ ಮೇಷ್ಟ್ರ ಹತ್ತಿರ ಕಳಿಸಿದೆವು. ಅಲ್ಲಿ ಬಾಯಿ ತೆರೆಯಲಿಲ್ಲ. ಶಾಲೆಯಲ್ಲಿ ಮೂಗಿ ಅನ್ನುತ್ತಾರೆ. ಹೋದ ತಿಂಗಳು ನನಗೊಬ್ಬಳಿಗೇ ಕೇಳುವಷ್ಟು ಸಣ್ಣಗೆ "ಹೋದು" ಅಂದಳು. ಮೂರು ತಿಂಗಳ ಪಾಠ ನೀರಲ್ಲಿ ಹೋಮ. ನಮ್ಮವರಾಗಿದ್ದರೆ ಅಷ್ಟಕ್ಕೆ ಏಳುತ್ತಿರಲಿಲ್ಲ. ನನಗೆ ಅಷ್ಟು ಗಟ್ಟಿ ಮನಸ್ಸಿಲ್ಲ. ಎದ್ದೆ.

ಈಗಲೂ ದಿನಾ ಬೆಳಿಗ್ಗೆ ಅವಳು ಶಾಲೆಗೆ ಹೊರಡುವ ಮುಂಚೆ ಹೋಗುತ್ತೇನೆ. ಕಳಿಸುತ್ತಾಳೆ, ಇಳಿಯುತ್ತೇನೆ. ಕಂಬ ಮುಟ್ಟಿ ಕಿಟಕಿಯತ್ತ ಕೈ ಎತ್ತುತ್ತೇನೆ. ಮೊಣಕಾಲು ನೋಯುತ್ತದೆ. ಎರಡನೇ ಮಹಡಿಯಲ್ಲಿ ಸ್ವಲ್ಪ ನಿಂತು ಉಸಿರು ತೆಗೆದುಕೊಂಡು ಉಳಿದದ್ದು ಹತ್ತುತ್ತೇನೆ.