ಹುಳಿ ಅಂಬಲಿ ಮನೆತನದವರು

"ನಿಮ್ಮ ಹೆಸರಿನವರು ಯಾರೂ ಸಿಗಲಿಲ್ಲ" ಎಂದು ಅಜ್ಜಾರಿಗೆ ನಾನು ಹೇಳಿದ್ದು ಸುಳ್ಳು. ಸಿಕ್ಕಿದ್ದರು. ಕಣ್ಣಾರೆ ಕಂಡಿದ್ದೆ, ಮಾತನಾಡಿಯೂ ಬಂದಿದ್ದೆ—ಬಂದು, ಅಜ್ಜಾರ ಪಕ್ಕದಲ್ಲೇ ಕೂತು, ಇಲ್ಲ ಎಂದಿದ್ದೆ. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಇದನ್ನು ಗಂಡನಿಗೂ ಹೇಳದೆ ಬಚ್ಚಿಟ್ಟುಕೊಂಡಿದ್ದೆ.

ಅಜ್ಜಾರು ಎಂದರೆ ನನ್ನ ಸ್ವಂತ ಅಜ್ಜ ಅಲ್ಲ. ನ್ಯೂಜರ್ಸಿಯ ಸಮರ್‌ಸೆಟ್‌ನ ಅಪಾರ್ಟ್‌ಮೆಂಟಿನಲ್ಲಿ ನಮ್ಮ ಕೆಳಗಿನ ಮನೆಯಲ್ಲಿದ್ದ, ಎಪ್ಪತ್ತೆಂಟು ವರ್ಷದ ಜರ್ಮನ್ ಮೂಲದ ಒಂಟಿ ಜೀವ. ಹೆಸರು ಸೌರ್‌ಬ್ರೈ. ಗದಗಿನವಳಾದ ನನಗೆ ಹಿರಿಯರನ್ನು ಬರೀ ಹೆಸರು ಹಿಡಿದು ಕರೆಯಲು ನಾಲಿಗೆ ಬರಲಿಲ್ಲ, ಅಜ್ಜಾರೆ ಎಂದೆ. ಅವರು ಅದನ್ನೇನೋ ದೊಡ್ಡ ಬಿರುದು ಎಂದುಕೊಂಡು ಬೀಗಿದರು.

ಎರಡು ಸಾವಿರನೆಯ ಇಸವಿ ಬರುವುದರೊಳಗೆ ಕಂಪ್ಯೂಟರುಗಳ ತಾರೀಖು ಸರಿಮಾಡಬೇಕೆಂದು ಅಮೆರಿಕ ನಮ್ಮವರನ್ನು ಹಿಂಡುಹಿಂಡಾಗಿ ಕರೆಸಿಕೊಳ್ಳುತ್ತಿದ್ದ ಕಾಲ ಅದು. ನನ್ನ ಗಂಡ ಬಸವರಾಜ ಬೆಳಗ್ಗೆ ಏಳಕ್ಕೆ ಹೋದರೆ ಸಂಜೆ ಏಳಕ್ಕೆ ಬರುತ್ತಿದ್ದರು. ನನ್ನದು ಡಿಪೆಂಡೆಂಟ್ ವೀಸಾ—ಕೆಲಸ ಮಾಡುವಂತಿಲ್ಲ. ಡ್ರೈವಿಂಗ್ ಬರುವುದಿಲ್ಲ. ನಡೆದೇ ಹೋಗೋಣವೆಂದರೆ ರಸ್ತೆಗೆ ಫುಟ್‌ಪಾತೇ ಇಲ್ಲ. ಊರಿನಲ್ಲಿ ಹೈಸ್ಕೂಲು ಹುಡುಗಿಯರಿಗೆ ಪಾಠ ಹೇಳುತ್ತ ದಿನವಿಡೀ ಬಾಯಿ ಬಡಿಯುತ್ತಿದ್ದವಳು, ಇಲ್ಲಿ ಫ್ರಿಜ್ಜಿನ ಜೊತೆ ಮಾತನಾಡುವ ಸ್ಥಿತಿಗೆ ಬಂದಿದ್ದೆ.

ಒಂದು ದಿನ ನನಗೆ ಬಂದ ಕಾಗದ ತಪ್ಪಿ ಅಜ್ಜಾರ ಡಬ್ಬಿಗೆ ಬಿದ್ದಿತ್ತು. ಅದನ್ನು ಹಿಡಿದು ಮೆಟ್ಟಿಲು ಹತ್ತಿ ಬಂದರು. ಪಾಸ್‌ಪೋರ್ಟಿನಲ್ಲಿ ಇನ್ನೂ ತವರಿನ ಅಡ್ಡಹೆಸರೇ ಇತ್ತು, ಕಾಗದದ ಮೇಲೂ ಅದೇ.

"ಉಲ್ಲಾ... ಗಡಿ? ಇದರ ಅರ್ಥ ಏನಮ್ಮ?"

"ಉಳ್ಳಾಗಡ್ಡಿ. ಅಂದರೆ ಈರುಳ್ಳಿ" ಎಂದೆ. "ಈಗ ಬೆಲ್ಲದ ಮನೆತನಕ್ಕೆ ಸೊಸೆಯಾಗಿ ಬಂದಿದ್ದೇನೆ. ಬೆಲ್ಲದ ಅಂದರೆ ಬೆಲ್ಲ, ಕಬ್ಬಿನ ಹಾಲು ಕಾಸಿ ಮಾಡೋದು."

ಅಜ್ಜಾರ ನಗೆ ವಿಚಿತ್ರ. ಮೊದಲು ಭುಜ ಕುಣಿಯುತ್ತಿತ್ತು, ಸದ್ದು ಆಮೇಲೆ ಬರುತ್ತಿತ್ತು. ನಕ್ಕು ಸುಸ್ತಾಗಿ ನಮ್ಮ ಅಡುಗೆಮನೆಯ ಕುರ್ಚಿಯಲ್ಲಿ ಕೂತರು. ತಮ್ಮ ಹೆಸರಿನ ಅರ್ಥ ತಮಗೇ ಗೊತ್ತಿಲ್ಲ ಎಂದರು—ಇವರು ಹುಟ್ಟುವ ಮೊದಲೇ, ಮೊದಲ ಮಹಾಯುದ್ಧದ ಕಾಲದಲ್ಲಿ, ಅವರಪ್ಪ ಮನೆಯೊಳಗೆ ಜರ್ಮನ್ ಆಡುವುದನ್ನೇ ನಿಲ್ಲಿಸಿದ್ದರಂತೆ. ಮದುವೆಯಾಗಿದ್ದರು, ಮಕ್ಕಳಾಗಲಿಲ್ಲ, ಹೆಂಡತಿಯೂ ಹೋಗಿ ಎಂಟು ವರ್ಷ. ಉಳಿದವನು ಒಬ್ಬನೇ ಒಬ್ಬ, ಚಿಕ್ಕಪ್ಪನ ಮಗ. ಇಬ್ಬರೂ ಚಿಕ್ಕವರಿದ್ದಾಗ ಒಂದೇ ಸೈಕಲ್ಲಿನ ಮೇಲೆ ಓಡಾಡಿದವರು. ಅಪ್ಪ ಚಿಕ್ಕಪ್ಪ ಜಗಳವಾಡಿ ಬೇರೆಯಾದ ಮೇಲೆ ಆ ಸಂಸಾರ ನ್ಯೂಯಾರ್ಕ್ ಕಡೆ ಹೋಯಿತು, ಎಲ್ಲೆಂದು ತಿಳಿಯಲೇ ಇಲ್ಲ.

"ನಿಮ್ಮ ಮನೆಯಲ್ಲಿ ಇಂಟರ್ನೆಟ್ ಇದೆಯಲ್ಲ" ಎಂದರು. "ಈ ಹೆಸರು ಎಲ್ಲಿಂದ ಬಂತು, ನಮ್ಮವರು ಇನ್ನೆಷ್ಟು ಜನ ಇದ್ದಾರೆ, ಹುಡುಕಿಕೊಡ್ತೀಯಾ? ಹೋಗೋದರೊಳಗೆ ಅವನ ದನಿ ಒಂದು ಸಲ ಕೇಳಬೇಕು. ಬದಲಿಗೆ ನಾನು ನಿನಗೆ ಡ್ರೈವಿಂಗ್ ಕಲಿಸ್ತೀನಿ."

ಮೊದಲನೆಯ ಪ್ರಶ್ನೆಗೆ ಉತ್ತರ ಬೇಗ ಸಿಕ್ಕಿತು. ಸೌರ್ ಎಂದರೆ ಹುಳಿ, ಬ್ರೈ ಎಂದರೆ ಗಂಜಿ. ಹುಳಿ ಗಂಜಿ ಕುಡಿಯುವವನಿಗೋ ಕಾಸುವವನಿಗೋ ಯಾವುದೋ ಕಾಲದಲ್ಲಿ ಊರವರು ಇಟ್ಟ ಅಡ್ಡಹೆಸರು. ಜರ್ಮನಿಯ ನಡುಭಾಗದ ಗುಡ್ಡಗಾಡಿನ ಕೆಲವು ಊರುಗಳಲ್ಲಿ ಈ ಹೆಸರಿನ ಮನೆಗಳಿವೆ, ಬೇರೆಡೆ ಅಪರೂಪ. ಹೇಗೆ ಹೇಳಲಿ ಎಂದು ಎರಡು ದಿನ ತಡೆದೆ. ಆಮೇಲೆ—ಅಯ್ಯೋ, ಈರುಳ್ಳಿ ಮನೆತನದವಳಿಗೆ ಇದರಲ್ಲೇನು ಸಂಕೋಚ!—ಜೋಳದ ಹಿಟ್ಟು ತರಿಸಿ, ಹುಳಿ ಬರಿಸಿ, ಅಂಬಲಿ ಕಾಸಿ, ಮಜ್ಜಿಗೆ ಬೆರೆಸಿ, ಹಸಿ ಈರುಳ್ಳಿ ಹೆಚ್ಚಿಟ್ಟುಕೊಂಡು ಕೆಳಗೆ ಹೋದೆ. "ಇದೇ ನಿಮ್ಮ ಹೆಸರು, ಕುಡಿಯಿರಿ" ಎಂದೆ. ಅವರು ಎರಡು ಬಟ್ಟಲು ಕುಡಿದರು. ನಾನು ಅಂಬಲಿ, ನೀನು ಈರುಳ್ಳಿ, ನಾವು ಒಂದೇ ಊಟ ಎಂದರು. ಆವತ್ತು ನನಗೆ ಅಮೆರಿಕಕ್ಕೆ ಬಂದ ಮೇಲೆ ಮೊದಲ ಸಲ ಹೊಟ್ಟೆ ತುಂಬಿದ ಹಾಗಾಯಿತು.

ಎರಡನೆಯ ಪ್ರಶ್ನೆಗೆ ಕಂಪ್ಯೂಟರ್ ಕೈ ಚೆಲ್ಲಿತು. ನ್ಯೂಯಾರ್ಕಿನ ಟೆಲಿಫೋನ್ ಪಟ್ಟಿಗಳಲ್ಲಿ ಆ ಹೆಸರಿನವರು ಒಬ್ಬರೂ ಬರಲಿಲ್ಲ. ಅಷ್ಟರಲ್ಲಿ ಮಧ್ಯಾಹ್ನದ ಡ್ರೈವಿಂಗ್ ಪಾಠ ರೂಢಿಯಾಗಿತ್ತು. ಅವರ ಉದ್ದನೆಯ ಹಳೆಯ ಕಾರು, ಇಬ್ಬರಿಗೂ ಬಾಯಿತುಂಬ ಮಾತು.

ಆ ಅಕ್ಟೋಬರಿನಲ್ಲಿ ನ್ಯೂಯಾರ್ಕ್ ಕಡೆಯ ಹಿಕ್ಸ್‌ವಿಲ್‌ನ ನಮ್ಮವರ ಸೋದರತ್ತೆಯ ಮಗನ ಮನೆಗೆ ಹೋದೆವು. ಗಂಡಸರು ಹರಟೆಗೆ ಕೂತರು. ನಾನು ಸ್ಟೇಷನ್ ಹತ್ತಿರದ ಇಂಡಿಯನ್ ಅಂಗಡಿಗಳಿಗೆಂದು ಒಬ್ಬಳೇ ಹೊರಟೆ. ದಾರಿಯಲ್ಲಿ ಒಂದು ಟೈಲರ್ ಅಂಗಡಿ, ಬಟ್ಟೆ ಆಲ್ಟರ್ ಮಾಡುವಂಥದ್ದು. ಬೋರ್ಡಿನ ಮೇಲೆ ಅಜ್ಜಾರ ಹೆಸರು! ಇಂಗ್ಲಿಷಿನಲ್ಲಿ ಕೊನೆಗೆ 'ಐ' ಇರಬೇಕಾದ ಕಡೆ 'ವೈ' ಇತ್ತು, ಅಷ್ಟೇ. ಕಂಪ್ಯೂಟರ್ ಅಕ್ಷರ ಹುಡುಕುತ್ತದೆ, ಕನ್ನಡದವಳು ಉಚ್ಚಾರ ಓದುತ್ತಾಳೆ—ನಮ್ಮ ಲಿಪಿಯಲ್ಲಿ ಬರೆದರೆ ಎರಡೂ ಸೌರ್‌ಬ್ರೈಯೇ. ನನ್ನ ಅಡ್ಡಹೆಸರೇ ಮೂರು ಸರ್ಟಿಫಿಕೇಟಿನಲ್ಲಿ ಮೂರು ಥರ ಇದೆ. ಒಳಗೆ ಹೋದೆ.

ಕೌಂಟರಿನಲ್ಲಿ ಐವತ್ತರ ಒಬ್ಬ ಹೆಂಗಸು. ಹಿಂದೆ ತುಟಿಯಲ್ಲಿ ಗುಂಡುಪಿನ್ನು ಕಚ್ಚಿಕೊಂಡು ಕೋಟಿನ ತೋಳು ಮಡಚುತ್ತಿದ್ದ ಮುದುಕರು. ಹೆಸರಿನ ಬಗ್ಗೆ ಕೇಳಿದೆ. ಆಕೆ ಖುಷಿಯಿಂದಲೇ ಹೇಳಿದಳು—ತನ್ನ ತಾತ ಜರ್ಸಿಯಲ್ಲಿದ್ದ ಅಣ್ಣನ ಮೇಲಿನ ಸಿಟ್ಟಿಗೆ, ಅವನ ಹೆಸರೂ ಬೇಡವೆಂದು ಕೊನೆಯ ಅಕ್ಷರ ಬದಲಾಯಿಸಿಕೊಂಡರಂತೆ. ಆ ಮುದುಕರು, ಆಕೆಯ ಅಪ್ಪ, ಬಾಯಿಂದ ಪಿನ್ನು ತೆಗೆದು ನನ್ನನ್ನೇ ನೋಡಿದರು.

"ಯು ನೋ ಎನಿ ಆಫ್ ಅಸ್?"

"ನೋ" ಎಂದೆ. "ಬೋರ್ಡ್ ನೋಡಿ ಬಂದೆ, ಅಷ್ಟೇ."

ಯಾಕೆ—ರೋಡ್ ಟೆಸ್ಟಿಗೆ ಮೂರೇ ವಾರ ಇತ್ತು, ಅದು ಮುಗಿಯಲಿ, ಆಮೇಲೆ ಹೇಳೋಣ ಎಂದು ನನಗೆ ನಾನೇ ಹೇಳಿಕೊಂಡೆ. ಅದೂ ಸುಳ್ಳು. ನನಗೆ ಹೊಟ್ಟೆಕಿಚ್ಚಾಗಿತ್ತು. ಒಂದೇ ಸೈಕಲ್ಲಿನ ಆ ತಮ್ಮ ಸಿಕ್ಕರೆ ನಾನು ಯಾರು? ಮೇಲಿನ ಮನೆಯ ಬಾಡಿಗೆಯವಳು. ನನ್ನ ಮಧ್ಯಾಹ್ನಗಳು, ಆ ನಗೆ, ಎಲ್ಲ ಹಿಕ್ಸ್‌ವಿಲ್‌ಗೆ ಹೊರಟುಹೋಗುತ್ತವೆ—ಆ ಅಂಗಡಿಯಲ್ಲಿ ನಿಂತಾಗ ನನಗೆ ಕಂಡದ್ದು ಅಷ್ಟೇ.

ಸೋಮವಾರ ಪಾಠದ ಹೊತ್ತಿಗೆ ಅಜ್ಜಾರು, ನ್ಯೂಯಾರ್ಕ್ ಕಡೆ ಏನಾದರೂ ತಿಳಿಯಿತೇ ಎಂದರು. ಯಾರೂ ಸಿಗಲಿಲ್ಲ ಎಂದೆ. ಅವರು ಸ್ಟಿಯರಿಂಗ್ ಮೇಲಿದ್ದ ನನ್ನ ಕೈಯನ್ನು ಮೆಲ್ಲಗೆ ತಟ್ಟಿದರು. "ಇಷ್ಟು ಕಷ್ಟಪಟ್ಟೆಯಲ್ಲ, ಸಾಕು" ಎಂದರು.

ಟೆಸ್ಟ್ ಪಾಸಾಯಿತು. ಅಜ್ಜಾರು ಕೇಕ್ ತಂದರು. ನಾಳೆ ಹೇಳುತ್ತೇನೆ, ಈ ಹಬ್ಬ ಕಳೆಯಲಿ, ಈ ಸ್ನೋ ಕರಗಲಿ—ದಿನ ಕಳೆದಷ್ಟೂ ಬಾಯಿ ಬಿಗಿಯಿತು.

"ಏನಾಗೇತಿ ನಿನಗ? ಲೈಸೆನ್ಸ್ ಬಂತು, ಆದ್ರೂ ಮಾರಿ ಸಣ್ಣ ಮಾಡ್ಕೊಂಡು ಕುಂತೀಯಲ್ಲ" ಎಂದು ಗಂಡ ಕೇಳಿದರು.

"ಏನಿಲ್ಲ ಬಿಡ್ರಿ."

ಮಾರ್ಚಿನಲ್ಲಿ ಅಜ್ಜಾರಿಗೆ ಹಾರ್ಟ್ ಅಟ್ಯಾಕ್ ಆಯಿತು, ಆಸ್ಪತ್ರೆ ಮುಟ್ಟುವುದರೊಳಗೆ ಹೋಗಿಬಿಟ್ಟರು. ಫ್ಯೂನರಲ್ ಹೋಮಿನಲ್ಲಿ ನಾವು ಒಂಬತ್ತು ಜನ. ಮೊದಲ ಸಾಲು ಮನೆಯವರಿಗೆಂದು ಖಾಲಿ ಬಿಟ್ಟಿದ್ದರು. ಫ್ಯಾಮಿಲಿ ಯಾರಾದರೂ ಇದ್ದೀರಾ ಎಂದು ಅಲ್ಲಿನವರು ಕೇಳಿದಾಗ ನೆರೆಹೊರೆಯವರೆಲ್ಲ ನನ್ನ ಕಡೆ ನೋಡಿದರು. ನಾನು ಎದ್ದು ಹೋಗಿ ಆ ಸಾಲಿನಲ್ಲಿ ಕೂತೆ. ಅತ್ತೆ, ನಿಜವಾಗಿಯೂ ಅತ್ತೆ. ಆದರೆ ಕೂತದ್ದು ಬೇರೊಬ್ಬರ ಜಾಗದಲ್ಲಿ.

ಆಮೇಲೆ ಮಾನ್ಮತ್ ಜಂಕ್ಷನ್‌ನಲ್ಲಿ ಮನೆ ಕೊಂಡೆವು, ನನಗೂ ಕೆಲಸ ಸಿಕ್ಕಿತು. ಎಲ್ಲೆಂದರಲ್ಲಿಗೆ ಡ್ರೈವ್ ಮಾಡಿದೆ, ಹಿಕ್ಸ್‌ವಿಲ್ ಒಂದನ್ನು ಬಿಟ್ಟು. ಈ ವರ್ಷ ಮಗಳ ಮದುವೆಯಾಯಿತು. ಹೆಸರು ಬದಲಾಯಿಸಿಕೊಳ್ಳುತ್ತೀಯಾ ಎಂದು ಕೇಳಿದೆ. "ನೋ ಅಮ್ಮಾ, ಐ ಆಮ್ ಕೀಪಿಂಗ್ ಬೆಲ್ಲದ್. ದೇರ್ ಆರ್ ಸೋ ಫ್ಯೂ ಆಫ್ ಅಸ್ ಹಿಯರ್" ಎಂದಳು. ಅವಳಿಗೇನು ಗೊತ್ತು, ಸುಮ್ಮನೆ ಹೇಳಿದಳು. ನನಗೆ ಆಮೇಲೆ ಅನ್ನ ಸೇರಲಿಲ್ಲ. ಗಂಡನಿಗೆ ಎಲ್ಲ ಹೇಳಿದೆ, ಮುಂದಿನ ಶನಿವಾರ ಒಬ್ಬಳೇ ಹೊರಟೆ.

ಅಂಗಡಿ ಈಗ ಮೊಬೈಲ್ ಮಾರುವವರದು. ಅವರನ್ನು ಕೇಳಿದ್ದಕ್ಕೆ ಹಿಂದಿನ ಬೀದಿಯ ಮನೆ ತೋರಿಸಿದರು. ಅಂದು ಕೌಂಟರಿನಲ್ಲಿದ್ದ ಆಕೆಗೆ ಈಗ ಎಪ್ಪತ್ತರ ಮೇಲೆ. ಬಾಗಿಲಲ್ಲಿ ನಿಂತೇ ಎಲ್ಲ ಹೇಳಿದೆ, ಏನನ್ನೂ ಬಿಡದೆ. ಆಕೆ ಕೂರು ಎನ್ನಲಿಲ್ಲ. ಪರವಾಗಿಲ್ಲ ಎನ್ನಲೂ ಇಲ್ಲ. ನಾನು ಕ್ಷಮೆ ಕೇಳುವ ಧೈರ್ಯ ಮಾಡಲಿಲ್ಲ.

ತನ್ನ ಅಪ್ಪನ ಮಾತು ತೆಗೆದಳು. ಆವತ್ತು ನಾನು ಹೋದ ಮೇಲೆ ಆ ಮುದುಕರು, "ಸುಮ್ಮಸುಮ್ಮನೆ ಯಾರೂ ಬಂದು ಹೆಸರು ಕೇಳೋದಿಲ್ಲ, ಆ ಹುಡುಗಿಗೆ ನಮ್ಮವರು ಯಾರೋ ಗೊತ್ತು, ಮತ್ತೆ ಬರ್ತಾಳೆ" ಎಂದರಂತೆ. ಅಂದಿನಿಂದ ಅಂಗಡಿಗೆ ಇಂಡಿಯನ್ ಹೆಂಗಸು ಯಾರು ಬಂದರೂ ಕೆಲಸ ಬಿಟ್ಟು ಎದ್ದು ಮುಂದಕ್ಕೆ ಬಂದು ಮುಖ ನೋಡುತ್ತಿದ್ದರಂತೆ. ಹಿಕ್ಸ್‌ವಿಲ್‌ನಲ್ಲಿ ಇಂಡಿಯನ್ ಹೆಂಗಸರಿಗೆ ಬರವೇ? ದಿನಕ್ಕೆ ನಾಲ್ಕೈದು ಮಂದಿ ಬರುತ್ತಿದ್ದರು. ಅಷ್ಟೂ ಸಲ ಎದ್ದು ಬರುತ್ತಿದ್ದರು, ಸಾಯುವವರೆಗೆ, ಮೂರು ವರ್ಷ.